ಕರೆಂಟ್ ಬಂತು, ಹಬ್ ಮಾತ್ರ ಏಳಲಿಲ್ಲ

ಓದುಗರ ಪ್ರಶ್ನೆ (ಸಂಕ್ಷಿಪ್ತವಾಗಿ): ನಾನು ನಿವೃತ್ತ ಶಿಕ್ಷಕಿ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮದು ಎರಡು ಅಂತಸ್ತಿನ ಹಳೆಯ ಮನೆ. ಎರಡು ವರ್ಷದ ಹಿಂದೆ ಅಮೆರಿಕದಿಂದ ರಜೆಗೆ ಬಂದಿದ್ದ ಮಗಳು ಬೆಂಗಳೂರಿನಲ್ಲಿ ಒಂದು ಸ್ಮಾರ್ಟ್ ಹೋಮ್ ಹಬ್ (ಫೋನಿನಿಂದಲೇ ಮನೆಯ ಬಲ್ಬು, ಸೆನ್ಸರುಗಳನ್ನು ನಡೆಸಲು ಇಡುವ ಪೆಟ್ಟಿಗೆ) ಕೊಂಡು ತಂದಳು. ಹಾಲ್, ಮೆಟ್ಟಿಲು, ಬಾಲ್ಕನಿಯ ಬಲ್ಬುಗಳನ್ನೂ ಬಾಗಿಲ ಸೆನ್ಸರನ್ನೂ ಅದಕ್ಕೆ ಜೋಡಿಸಿದಳು. ಸಂಪಿನ ಮೋಟರಿಗೆ ಒಂದು ವೈಫೈ ಪ್ಲಗ್ ಹಾಕಿದಳು. ಮೊದಲ ಆರು ತಿಂಗಳು ಚೆನ್ನಾಗಿತ್ತು. ಈಗ ವಾರಕ್ಕೆ ಎರಡು ಮೂರು ಸಲ ಆ್ಯಪ್‌ನಲ್ಲಿ ‘ಆಫ್‌ಲೈನ್’ ಅಂತ ಬರುತ್ತದೆ, ಅದರಲ್ಲೂ ಕರೆಂಟ್ ಹೋಗಿ ಬಂದ ಮೇಲೆ. ಪ್ಲಗ್ ಕಿತ್ತು ಹಾಕಿದರೆ ಸರಿ ಹೋಗುತ್ತದೆ. ಕರೆಂಟ್ ಹೋಗದಿದ್ದರೂ ಎಷ್ಟೋ ದಿನ ಬೆಳಗ್ಗೆ ಬಾಲ್ಕನಿ ಬಲ್ಬ್, ಬಾಗಿಲ ಸೆನ್ಸರ್ ಸಿಗುವುದಿಲ್ಲ. ಒಮ್ಮೊಮ್ಮೆ ಎಲ್ಲ ಸರಿಯಿದ್ದರೂ ನನ್ನ ಫೋನಿಗೆ ಹಬ್ಬೇ ಕಾಣುವುದಿಲ್ಲ, ಯಜಮಾನರ ಫೋನಿಗೆ ಕಾಣುತ್ತದೆ! ಎರಡು ಸಲ ಮೋಟರ್ ಆಫ್ ಆಗದೆ ಟ್ಯಾಂಕ್ ತುಂಬಿ ಹರಿದು ಪಕ್ಕದ ಮನೆಯವರ ಹತ್ತಿರ ಮಾತು ಕೇಳಿದ್ದೇವೆ. ನೆಟ್ ಕಂಪನಿಯ ಹುಡುಗ 300 ಎಂಬಿಪಿಎಸ್ ಪ್ಲಾನ್ ಹಾಕಿಸಿ ಅಂತಾನೆ. ಎದುರು ಮನೆಯವರು 5ಜಿ ಟವರ್ ಬಂದದ್ದೇ ಕಾರಣ ಅಂತಾರೆ. ಮಗಳು ಫ್ಯಾಕ್ಟರಿ ರೀಸೆಟ್ ಮಾಡು ಅಂತಾಳೆ. ಹಬ್ಬನ್ನೇ ಬದಲಾಯಿಸಬೇಕಾ? ಫೋಟೋ ಕಳಿಸಿದ್ದೇನೆ.

ಉತ್ತರ: ಮೇಡಂ, ಹಬ್ ಬದಲಾಯಿಸಬೇಡಿ. ಫ್ಯಾಕ್ಟರಿ ರೀಸೆಟ್ ಅಂತೂ ಸದ್ಯಕ್ಕೆ ಬೇಡವೇ ಬೇಡ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಒಂದೇ ಕಾಯಿಲೆ ಅಂದುಕೊಂಡಿರುವುದು ನನಗೆ ಮೂರು ಬೇರೆ ಬೇರೆ ತೊಂದರೆಗಳಾಗಿ ಕಾಣುತ್ತಿದೆ. ಮೂರಕ್ಕೂ ಬೈಸಿಕೊಳ್ಳುತ್ತಿರುವುದು ಮಾತ್ರ ಹಬ್. ಮೋಟರಿನದು ನಾಲ್ಕನೆಯದು. ಅದು ತೊಂದರೆ ಅನ್ನುವುದಕ್ಕಿಂತ ಅಪಾಯ, ಕೊನೆಯಲ್ಲಿ ಹೇಳುತ್ತೇನೆ.

ಮೊದಲು ನಿಮ್ಮ ಕಿವಿಗೆ ಬಿದ್ದಿರುವ ಸಲಹೆಗಳನ್ನು ನೋಡೋಣ. 300 ಎಂಬಿಪಿಎಸ್ ಪ್ಲಾನ್‌ನಿಂದ ನಿಮ್ಮ ಬಲ್ಬಿಗೆ ಏನೂ ಆಗುವುದಿಲ್ಲ. ಹಬ್ಬು ಮತ್ತು ಬಲ್ಬು ಮಾತಾಡುವುದು ಜಿಗ್‌ಬೀ ಅನ್ನುವ ರೇಡಿಯೊದಲ್ಲಿ. ಅದರ ಗರಿಷ್ಠ ವೇಗವೇ ಸೆಕೆಂಡಿಗೆ 250 ಕಿಲೋಬಿಟ್, ಅಂದರೆ ಕಾಲು ಎಂಬಿಪಿಎಸ್. ‘ಬಲ್ಬ್ ಹತ್ತು’ ಅನ್ನುವ ಸಂದೇಶ ಒಂದು ಎಸ್ಸೆಮ್ಮೆಸ್‌ಗಿಂತ ದೊಡ್ಡದಲ್ಲ. ಈಗಿರುವ ಪ್ಲಾನೇ ಬೇಕಾದಷ್ಟಾಯಿತು.

5ಜಿ ಟವರಿನ ಮಾತು ಇತ್ತೀಚೆಗೆ ಎಲ್ಲ ಮನೆಯಲ್ಲೂ ಕೇಳುತ್ತೇನೆ. ನಮ್ಮಲ್ಲಿ 5ಜಿ ಮುಖ್ಯವಾಗಿ ಓಡುವುದು 700 ಮತ್ತು 3300 ಮೆಗಾಹರ್ಟ್ಸ್ ಬ್ಯಾಂಡ್‌ಗಳಲ್ಲಿ. ನಿಮ್ಮ ಹಬ್ ಕೆಲಸ ಮಾಡುವುದು 2400ರ ಆಸುಪಾಸಿನಲ್ಲಿ. ಬೀದಿಯ ಟವರಿಗಿಂತ ನಿಮ್ಮ ಟಿವಿ ಕಪಾಟಿನೊಳಗೆ ಇರುವ ಪೆಟ್ಟಿಗೆಗಳೇ ಜಾಸ್ತಿ ಗಲಾಟೆ ಮಾಡುತ್ತಿವೆ. ಅದಕ್ಕೆ ಆಮೇಲೆ ಬರುತ್ತೇನೆ.

ಮಗಳು ಹೇಳಿದ ರೀಸೆಟ್ ಬಗ್ಗೆ ಒಂದು ಎಚ್ಚರಿಕೆ. ರೀಸ್ಟಾರ್ಟ್ ಬೇರೆ, ಫ್ಯಾಕ್ಟರಿ ರೀಸೆಟ್ ಬೇರೆ. ಪ್ಲಗ್ ಕಿತ್ತು ಹಾಕುವುದು ರೀಸ್ಟಾರ್ಟ್. ಸೂಜಿ ಚುಚ್ಚಿ ಒತ್ತಿ ಹಿಡಿಯುವುದು ಫ್ಯಾಕ್ಟರಿ ರೀಸೆಟ್. ಅದನ್ನು ಮಾಡಿದರೆ ಹಬ್ ತನ್ನ ಮನೆಯವರನ್ನೆಲ್ಲ ಮರೆತುಬಿಡುತ್ತದೆ. ಒಂದೊಂದು ಬಲ್ಬನ್ನೂ ಏಣಿ ಹತ್ತಿ ಮತ್ತೆ ಜೋಡಿಸಬೇಕು. ಮಗಳು ಅಲ್ಲಿ, ಏಣಿ ಇಲ್ಲಿ.

ಇನ್ನು ವಿಷಯಕ್ಕೆ ಬರೋಣ. ನೀವು ಆ್ಯಪ್‌ನಲ್ಲಿ ಬಟನ್ ಒತ್ತಿದಾಗ ಸುದ್ದಿ ಮೂರು ಕೊಂಡಿ ದಾಟಬೇಕು. ಫೋನಿನಿಂದ ಹಬ್ಬಿಗೆ ಒಂದು. ಹಬ್ಬಿನಿಂದ ಬಲ್ಬಿಗೆ ಒಂದು. ಹಬ್ಬಿನಿಂದ ಇಂಟರ್ನೆಟ್ ಮೂಲಕ ಕಂಪನಿಯ ಸರ್ವರಿಗೆ ಇನ್ನೊಂದು. ಯಾವ ಕೊಂಡಿ ಕಳಚಿದರೂ ಪರದೆಯ ಮೇಲೆ ಬರುವುದು ಹೆಚ್ಚುಕಡಿಮೆ ಅದೇ ‘ಆಫ್‌ಲೈನ್’. ಹಾಗಾಗಿ ಮುಂದಿನ ಸಲ ಕೈಕೊಟ್ಟಾಗ ತಕ್ಷಣ ಪ್ಲಗ್ ಕೀಳಬೇಡಿ. ಕಿತ್ತರೆ ಸಾಕ್ಷಿಯೂ ಹೋಗುತ್ತದೆ. ಎರಡು ನಿಮಿಷ ತಾಳ್ಮೆಯಿಂದ ನೋಡಿ. ಹಬ್ಬಿನ ದೀಪ ಯಾವ ಬಣ್ಣದಲ್ಲಿದೆ? ಮೊಬೈಲ್ ಡೇಟಾ ಆಫ್ ಮಾಡಿ ಬರೀ ವೈಫೈನಲ್ಲಿ ಯೂಟ್ಯೂಬ್ ಓಡುತ್ತದಾ? ಎಲ್ಲ ಬಲ್ಬುಗಳೂ ಸತ್ತಿವೆಯಾ, ಒಂದೆರಡೇ ಸತ್ತಿವೆಯಾ? ಮಗಳಿಗೆ ಅಲ್ಲಿಂದ ಕಾಣುತ್ತಿದೆಯಾ? ಇಷ್ಟನ್ನು ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆದಿಡಿ, ಹಾಲಿನ ಲೆಕ್ಕ ಬರೆಯುವ ಹಾಗೆ. ನಾನು ಯಾರ ಮನೆಗೆ ಹೋದರೂ ಮೊದಲು ಕೇಳುವುದು ಈ ಲೆಕ್ಕವನ್ನೇ.

ನಿಮ್ಮ ಮೊದಲ ತೊಂದರೆ, ಕರೆಂಟ್ ಹೋಗಿ ಬಂದಾಗಿನದು. ಫೋಟೋದಲ್ಲಿ ಟಿವಿ ಕಪಾಟಿನೊಳಗೆ ಒಂದೇ ಸ್ಪೈಕ್ ಬಸ್ಟರಿಗೆ ಮೂರು ಅಡಾಪ್ಟರ್ ಕಾಣುತ್ತಿವೆ: ನೆಟ್ ಕಂಪನಿಯ ಫೈಬರ್ ಪೆಟ್ಟಿಗೆ, ಮಗಳು ತಂದ ರೂಟರ್, ಮತ್ತು ಹಬ್. ಕರೆಂಟ್ ಹೋದಾಗ ಮೂರೂ ಆರುತ್ತವೆ ಅಂದರೆ ಆ ಸಾಕೆಟ್ ಇನ್ವರ್ಟರ್ ಲೈನಿನಲ್ಲಿ ಇಲ್ಲ. ಕರೆಂಟ್ ಬಂದಾಗ ಮೂರೂ ಒಟ್ಟಿಗೆ ಏಳಲು ಶುರು ಮಾಡುತ್ತವೆ. ಆದರೆ ಒಟ್ಟಿಗೆ ಎದ್ದು ಮುಗಿಸುವುದಿಲ್ಲ. ಹಬ್ ಅರ್ಧ ಒಂದು ನಿಮಿಷದಲ್ಲಿ ಸಿದ್ಧ. ಫೈಬರ್ ಪೆಟ್ಟಿಗೆ ಎದ್ದು, ಕಂಪನಿಯ ಜೊತೆ ಲಾಗಿನ್ ಆಗಿ ನೆಟ್ ಕೊಡಲು ಮೂರು ನಾಲ್ಕು ನಿಮಿಷ ತೆಗೆದುಕೊಳ್ಳಬಹುದು. ಅಷ್ಟರೊಳಗೆ ಹಬ್ ರೂಟರಿನ ಹತ್ತಿರ ತನ್ನ ನೆಟ್‌ವರ್ಕ್ ವಿಳಾಸ (ಐಪಿ ಅಡ್ರೆಸ್) ಕೇಳಿ, ಸರ್ವರ್ ಹುಡುಕಿ, ಸಿಗದೆ ಸುಸ್ತಾಗಿರುತ್ತದೆ. ಒಳ್ಳೆಯ ಹಬ್ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕೆಲವು ಪ್ರತಿ ಸೋಲಿಗೂ ಕಾಯುವ ಹೊತ್ತನ್ನು ಹೆಚ್ಚಿಸಿಕೊಳ್ಳುತ್ತಾ ಹೋಗುತ್ತವೆ. ಇನ್ನು ಕೆಲವು ತಾವೇ 169.254 ಅಂತ ಶುರುವಾಗುವ ಒಂದು ವಿಳಾಸ ಇಟ್ಟುಕೊಂಡು ಸುಮ್ಮನೆ ಕೂತುಬಿಡುತ್ತವೆ. ಆ ವಿಳಾಸ ಇಟ್ಟುಕೊಂಡು ಇಂಟರ್ನೆಟ್ ಮುಟ್ಟಲು ಆಗುವುದಿಲ್ಲ. ನೀವು ಪ್ಲಗ್ ಕಿತ್ತು ಹಾಕಿದಾಗ ಸರಿ ಹೋಗುತ್ತದಲ್ಲ, ಅದು ಇದೇ ಕಾರಣಕ್ಕೆ. ಅಷ್ಟು ಹೊತ್ತಿಗೆ ನೆಟ್ ಬಂದಿರುತ್ತದೆ.

ಇದಕ್ಕೆ ಚೆನ್ನಾದ ದಾರಿ ಆ ಮೂರನ್ನೂ ಕರೆಂಟ್ ಹೋಗದ ಜಾಗಕ್ಕೆ ತರುವುದು. ಎಲೆಕ್ಟ್ರಿಷಿಯನ್ ಕರೆಸಿ ಆ ಸಾಕೆಟ್ಟನ್ನು ಇನ್ವರ್ಟರ್ ಲೈನಿಗೆ ಸೇರಿಸಬಹುದು. ಮೂರೂ ಸೇರಿ ಒಂದು ಟ್ಯೂಬ್‌ಲೈಟಿನಷ್ಟು ಕರೆಂಟನ್ನೂ ತಿನ್ನುವುದಿಲ್ಲ. ಆದರೆ ಟಿವಿಯನ್ನು ಅದೇ ಸ್ಪೈಕ್ ಬಸ್ಟರಿನಲ್ಲಿ ಬಿಡಬೇಡಿ, ಬ್ಯಾಟರಿ ಬೇಗ ಇಳಿಯುತ್ತದೆ. ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್, ಇಕೋ ಮೋಡ್ ಅಂತ ಸ್ವಿಚ್ ಇದ್ದರೆ ಯುಪಿಎಸ್ ಮೋಡ್‌ನಲ್ಲಿಡಿ. ಇನ್ನೊಂದು ಮೋಡ್‌ನಲ್ಲಿ ಕರೆಂಟ್ ಬದಲಾಗುವಾಗ ಆಗುವ ಸಣ್ಣ ತಡೆಗೇ ಕೆಲವು ಪೆಟ್ಟಿಗೆಗಳು ರೀಸ್ಟಾರ್ಟ್ ಆಗುತ್ತವೆ.

ಇನ್ನೊಂದು ದಾರಿ ರೂಟರಿಗೆಂದೇ ಸಿಗುವ ಮಿನಿ ಯುಪಿಎಸ್. ಇದರಲ್ಲಿ ಒಂದು ಅಪಾಯವಿದೆ. ಹೆಚ್ಚಿನ ಮಿನಿ ಯುಪಿಎಸ್ ಕೊಡುವುದು 12 ವೋಲ್ಟ್. ತುಂಬಾ ಹಬ್‌ಗಳು ಕೇಳುವುದು 5 ವೋಲ್ಟ್. ಪಿನ್ ಹೊಂದಿತು ಅಂತ ಚುಚ್ಚಿದರೆ ಹಬ್ ಅಲ್ಲೇ ಸುಟ್ಟುಹೋಗಬಹುದು. ಅಡಾಪ್ಟರಿನ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುವ ವೋಲ್ಟ್, ಆಂಪಿಯರ್ ಎರಡನ್ನೂ ಕನ್ನಡಕ ಹಾಕಿಕೊಂಡು ಓದಿ. ಯುಪಿಎಸ್‌ನ ವೋಲ್ಟ್ ಅದಕ್ಕೆ ಸಮ ಇರಬೇಕು. ಆಂಪಿಯರ್ ಅಷ್ಟೇ ಇರಬಹುದು, ಇಲ್ಲವೇ ಜಾಸ್ತಿ ಇರಬಹುದು.

ಖರ್ಚಿಲ್ಲದ ಒಂದು ಹಳ್ಳಿ ಮದ್ದೂ ಇದೆ. ಹಳೆಯ ಫ್ರಿಜ್ ಸ್ಟೆಬಿಲೈಜರ್ ಅಟ್ಟದ ಮೇಲೆ ಬಿದ್ದಿದೆಯಾ ನೋಡಿ. ಬಹಳಷ್ಟರಲ್ಲಿ ಕರೆಂಟ್ ಬಂದ ಮೇಲೆ ಕೆಲವು ನಿಮಿಷ ಕಾದು ಆನ್ ಆಗುವ ವ್ಯವಸ್ಥೆ ಇರುತ್ತದೆ, ಕಂಪ್ರೆಸರ್ ಕಾಪಾಡಲು. ಹಬ್ಬನ್ನು ಅದಕ್ಕೆ ಚುಚ್ಚಿದರೆ ನೆಟ್ ಎದ್ದ ಮೇಲೆ ನಿಧಾನವಾಗಿ ಹಬ್ ಏಳುತ್ತದೆ. ನೋಡಲು ಚೆನ್ನಾಗಿರುವುದಿಲ್ಲ, ನಿಜ. ಆದರೆ ಇದೇ ಉಪಾಯದಲ್ಲಿ ಒಂದು ಮನೆಯ ಹಬ್ಬನ್ನು ನಾಲ್ಕು ವರ್ಷ ಓಡಿಸಿದ್ದೇನೆ.

ಅಡಾಪ್ಟರ್ ಮಾತು ಬಂತಲ್ಲ, ಹಬ್ಬಿನ ಜೊತೆ ಬಂದ ಅಡಾಪ್ಟರೇ ಈಗಲೂ ಇದೆಯಾ? ಒಮ್ಮೆ ದಾವಣಗೆರೆಯಲ್ಲಿ ಒಬ್ಬರ ಮನೆಗೆ ನಾನೇ ಹೊಸ ಹಬ್ ಹಾಕಿಸಿದೆ. ವಾರಕ್ಕೆ ಮತ್ತೆ ಅದೇ ಗೋಳು. ಆಮೇಲೆ ನೋಡಿದರೆ ಅವರ ಮಗ ಮೂಲ ಅಡಾಪ್ಟರನ್ನು ಫೋನಿಗೆ ಒಯ್ದು, ಅಲ್ಲಿ ಯಾವುದೋ ಹಳೆಯ ಚಾರ್ಜರನ್ನು ತೆಳ್ಳಗಿನ ಉದ್ದ ಕೇಬಲ್ ಸಮೇತ ಇಟ್ಟಿದ್ದ. ಅವರ ಹಣ ದಂಡ, ನನ್ನ ಮಾನವೂ ಹೋಯಿತು. ಅಂದಿನಿಂದ ನಾನು ಮೊದಲು ನೋಡುವುದು ಅಡಾಪ್ಟರನ್ನು.

ಎರಡನೆಯದು, ನಿಮ್ಮ ಫೋನಿಗೆ ಹಬ್ ಕಾಣದಿರುವುದು. ಇದು ಸುಲಭ. ಫೈಬರ್ ಪೆಟ್ಟಿಗೆಯಲ್ಲೂ ವೈಫೈ ಇದೆ, ಮಗಳ ರೂಟರಿನಲ್ಲೂ ಇದೆ. ಒಂದೇ ಮನೆಯಲ್ಲಿ ಎರಡು ನೆಟ್‌ವರ್ಕ್. ಹಬ್ ಇರುವುದು ಎರಡನೆಯದರಲ್ಲಿ. ನಿಮ್ಮ ಫೋನ್ ಸಿಗ್ನಲ್ ನೋಡಿಕೊಂಡು ಕೆಲವು ಸಲ ಮೊದಲನೆಯದಕ್ಕೆ ಹಾರುತ್ತದೆ. ಅಲ್ಲಿಂದ ಹಬ್ ಕಾಣುವುದಿಲ್ಲ. ಯಜಮಾನರ ಫೋನಿನಲ್ಲಿ ಬಹುಶಃ ಮೊದಲನೆಯದರ ಪಾಸ್‌ವರ್ಡೇ ಇಲ್ಲ, ಹಾಗಾಗಿ ಅವರದು ಯಾವಾಗಲೂ ಸರಿ! ಸದ್ಯಕ್ಕೆ ನಿಮ್ಮ ಫೋನಿನ ವೈಫೈ ಸೆಟ್ಟಿಂಗ್‌ನಲ್ಲಿ ಕಂಪನಿಯ ಪೆಟ್ಟಿಗೆಯ ಹೆಸರನ್ನು ‘ಫರ್ಗೆಟ್’ ಮಾಡಿ.

ಪೂರ್ತಿ ಸರಿಮಾಡಬೇಕೆಂದರೆ ಮಗಳ ರೂಟರನ್ನು ‘ಆ್ಯಕ್ಸೆಸ್ ಪಾಯಿಂಟ್’ ಮೋಡ್‌ಗೆ ಹಾಕಿ (ಅಂದರೆ ಅದು ಬರೀ ವೈಫೈ ಹರಡಲಿ), ಕಂಪನಿಯ ಪೆಟ್ಟಿಗೆಯ ವೈಫೈ ಆರಿಸಬೇಕು. ಆಗ ಮನೆಗೆಲ್ಲ ಒಂದೇ ನೆಟ್‌ವರ್ಕ್. ರೂಟರಿನ ವೈಫೈ ಹೆಸರು, ಪಾಸ್‌ವರ್ಡ್ ಮಾತ್ರ ಬದಲಾಗದಂತೆ ನೋಡಿಕೊಳ್ಳಬೇಕು. ಕೆಲವರು ಫೈಬರ್ ಪೆಟ್ಟಿಗೆಯನ್ನು ‘ಬ್ರಿಡ್ಜ್’ ಮಾಡಿಸಿ, ಅಂದರೆ ಅದು ನೆಟ್ಟನ್ನು ರೂಟರಿಗೆ ದಾಟಿಸುವುದಷ್ಟೇ ಮಾಡಲಿ ಅಂತಾರೆ. ಅದೂ ಸರಿಯೇ. ಆದರೆ ಅದಕ್ಕೆ ಕಂಪನಿಯವರೇ ಬೇಕು, ಮತ್ತು ಆ ಪೆಟ್ಟಿಗೆಯಿಂದಲೇ ಲ್ಯಾಂಡ್‌ಲೈನ್ ಫೋನ್ ಅಥವಾ ಟಿವಿ ಬರುತ್ತಿದ್ದರೆ ಅದು ನಿಂತುಹೋಗಬಹುದು. ನಿಮ್ಮ ಮನೆಗೆ ಮೊದಲನೆಯದೇ ಸಾಕು.

ಅದೇ ಹೊತ್ತಿಗೆ ಇನ್ನೊಂದು ಕೆಲಸ ಮಾಡಿಸಿ. ಹಬ್ಬಿನ ಹಿಂದೆ ಲ್ಯಾನ್ ಕೇಬಲ್ಲಿನ ತೂತು ಕಾಣುತ್ತಿದೆ, ಖಾಲಿ ಇದೆ. ಎರಡು ಮೀಟರಿನ ಕೇಬಲ್ ತಂದು ರೂಟರಿಗೆ ಜೋಡಿಸಿ. ವೈಫೈ ಹೆಸರು ಬದಲಾದರೂ, ಅದರ ಚಾನೆಲ್ (ಬ್ಯಾಂಡಿನೊಳಗೆ ಅದು ಓಡುವ ಓಣಿ) ಬದಲಾದರೂ ಹಬ್ಬಿಗೆ ಗೊತ್ತೇ ಆಗುವುದಿಲ್ಲ. ಈ ಪತ್ರದಲ್ಲಿ ಹಬ್ ಬಗ್ಗೆ ನಾನು ಹೇಳುತ್ತಿರುವುದರಲ್ಲಿ ಒಂದನ್ನೇ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ಜೊತೆಗೆ ಫೈಬರ್ ಪೆಟ್ಟಿಗೆಯ ಸೆಟ್ಟಿಂಗ್‌ನಲ್ಲಿ ಹಬ್ಬಿಗೆ ಒಂದು ಖಾಯಂ ವಿಳಾಸ ಕಾದಿರಿಸಬಹುದು. ಮಗಳಿಗೆ ‘ಅಡ್ರೆಸ್ ರಿಸರ್ವೇಶನ್’ ಅಂದರೆ ಅರ್ಥವಾಗುತ್ತದೆ.

ಮೂರನೆಯದು ಬಾಲ್ಕನಿ ಬಲ್ಬು, ಬಾಗಿಲ ಸೆನ್ಸರು. ನನಗೆ ತುಂಬಾ ಇಷ್ಟವಾದ ಕೇಸ್ ಇದು. ಯಾಕೆಂದರೆ ಪತ್ರದ ಕೊನೆಯಲ್ಲಿ ನೀವು ಬೇರೆ ಏನೋ ಹೇಳುತ್ತಾ, ಯಜಮಾನರು ರಾತ್ರಿ ಮಲಗುವ ಮುಂಚೆ ಮನೆಯ ಎಲ್ಲ ಸ್ವಿಚ್ಚನ್ನೂ ಆರಿಸಿಯೇ ಮಲಗುತ್ತಾರೆ ಅಂತ ಬರೆದಿದ್ದೀರಿ. ಅಲ್ಲೇ ಸಿಕ್ಕಿತು.

ಜಿಗ್‌ಬೀ ಬಲ್ಬುಗಳು ಹಬ್ಬಿನ ಜೊತೆ ನೇರವಾಗಿಯೇ ಮಾತಾಡಬೇಕೆಂದಿಲ್ಲ. ಮದುವೆ ಮನೆಯಲ್ಲಿ ಅಡುಗೆಮನೆಯಿಂದ ಪಂಕ್ತಿಯವರೆಗೆ ಪಾತ್ರೆಯನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ ಒಂದು ಬಲ್ಬ್ ಇನ್ನೊಂದಕ್ಕೆ ಸುದ್ದಿ ದಾಟಿಸುತ್ತದೆ. ಕರೆಂಟಿನಲ್ಲಿ ಓಡುವ ಸಾಧನಗಳು ಸಾಮಾನ್ಯವಾಗಿ ದಾಟಿಸುತ್ತವೆ. ಬ್ಯಾಟರಿಯವು ದಾಟಿಸುವುದಿಲ್ಲ. ಒಂಬತ್ತು ಇಂಚಿನ ಗೋಡೆ, ಮೇಲೆ ಆರ್‌ಸಿಸಿ ಸ್ಲ್ಯಾಬ್, ನಡುವೆ ಕಬ್ಬಿಣದ ಬೀರು ಇರುವ ನಮ್ಮ ಮನೆಗಳಲ್ಲಿ ಕೆಳಗಿನ ಹಾಲಿನಿಂದ ಮೇಲಿನ ಬಾಲ್ಕನಿಗೆ ನೇರ ಸಿಗ್ನಲ್ ಮುಟ್ಟುವುದು ಕಷ್ಟ. ನಡುವೆ ದಾಟಿಸುತ್ತಿರುವುದು ಮೆಟ್ಟಿಲ ಬಲ್ಬ್. ಯಜಮಾನರು ಗೋಡೆಯ ಸ್ವಿಚ್ ಆರಿಸಿದರೆ ಆ ಬಲ್ಬಿಗೆ ಕರೆಂಟೇ ಇಲ್ಲ. ಪಂಕ್ತಿಯ ನಡುವಿನವನು ಎದ್ದು ಹೋದ ಹಾಗೆ. ಬಾಲ್ಕನಿ, ಬಾಗಿಲು ಎರಡೂ ಒಂಟಿ. ಬೆಳಗ್ಗೆ ಸ್ವಿಚ್ ಹಾಕಿದರೂ ಕೆಲವು ಸೆನ್ಸರ್‌ಗಳು ಹೊಸ ದಾರಿ ಹುಡುಕಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತವೆ.

ಯಜಮಾನರ ಅಭ್ಯಾಸ ಬದಲಾಯಿಸಲು ಹೋಗಬೇಡಿ. ಅದು ಆಗುವ ಕೆಲಸ ಅಲ್ಲ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದರ ಬದಲು ಜಿಗ್‌ಬೀ ಸ್ಮಾರ್ಟ್ ಪ್ಲಗ್ ಒಂದನ್ನು ಮೆಟ್ಟಿಲ ಹತ್ತಿರದ ಸಾಕೆಟ್ಟಿಗೆ ಹಾಕಿ. ಅದಕ್ಕೆ ಏನನ್ನೂ ಜೋಡಿಸಬೇಕಿಲ್ಲ, ಸುಮ್ನೆ ದಾಟಿಸಲಿಕ್ಕೆ ಇರಲಿ. ಕೊಳ್ಳುವ ಮುಂಚೆ ಅದು ಸುದ್ದಿ ದಾಟಿಸುವ, ಅಂದರೆ ‘ರಿಪೀಟರ್’ ಆಗುವ ಬಗೆಯದೇ ಅಂತ ಕೇಳಿ. ನಮ್ಮ ಸಾಕೆಟ್ಟುಗಳಿಗೆಲ್ಲ ಪಕ್ಕದಲ್ಲೇ ಸ್ವಿಚ್ ಇರುತ್ತದಲ್ಲ, ಅದರ ಮೇಲೆ ಟೇಪ್ ಹಚ್ಚುವುದನ್ನು ಮರೆಯಬೇಡಿ. ಅಂಗಡಿಯವರು ಸ್ವಿಚ್ಚಿನ ಹಿಂದೆ ಕೂರಿಸುವ ಸ್ಮಾರ್ಟ್ ಮಾಡ್ಯೂಲ್ ಕೂಡ ತೋರಿಸಬಹುದು. ಅದು ಒಳ್ಳೆಯದೇ, ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ನ್ಯೂಟ್ರಲ್ ವೈರ್ ಬೇಕು. ಹಳೆಯ ಮನೆಗಳ ಸ್ವಿಚ್ ಬೋರ್ಡಿನಲ್ಲಿ ಎಷ್ಟೋ ಸಲ ಅದು ಇರುವುದಿಲ್ಲ. ಮೊದಲು ಎಲೆಕ್ಟ್ರಿಷಿಯನ್ ಬೋರ್ಡ್ ಬಿಚ್ಚಿ ನೋಡಲಿ, ಆಮೇಲೆ ದುಡ್ಡು ಕೊಡಿ.

ಕಪಾಟಿನೊಳಗಿನ ಗಲಾಟೆ ಅಂದೆನಲ್ಲ. ವೈಫೈ, ಜಿಗ್‌ಬೀ ಎರಡೂ 2.4 ಗಿಗಾಹರ್ಟ್ಸ್‌ನಲ್ಲೇ ಇವೆ. ಎರಡು ವೈಫೈ ಪೆಟ್ಟಿಗೆಗಳ ನಡುವೆ ಹಬ್ ಕೂರಿಸುವುದು ಎರಡು ಧ್ವನಿವರ್ಧಕದ ನಡುವೆ ನಿಂತು ಪಿಸುಮಾತು ಕೇಳಿಸಿಕೊಂಡ ಹಾಗೆ. ಹಬ್ಬನ್ನು ಕಪಾಟಿನಿಂದ ಹೊರಗೆ ತಂದು, ರೂಟರಿನಿಂದ ಕನಿಷ್ಠ ಒಂದು ಮೀಟರ್ ದೂರ, ಮೆಟ್ಟಿಲ ಕಡೆಗೆ ಇಡಿ. ಟಿವಿ ಪಕ್ಕ ಸಿನಿಮಾ ತುಂಬಿದ ಹಾರ್ಡ್ ಡಿಸ್ಕ್ ಕಾಣುತ್ತಿದೆ. ಯುಎಸ್‌ಬಿ 3.0 ಸಾಧನಗಳು ಇದೇ 2.4ರ ಬ್ಯಾಂಡ್‌ನಲ್ಲಿ ಗದ್ದಲ ಹೊರಸೂಸುತ್ತವೆ ಅಂತ ಇಂಟೆಲ್ 2012ರಲ್ಲೇ ಬರೆದು ತೋರಿಸಿದೆ. ಅದರಿಂದಲೂ ಹಬ್ ದೂರ ಇರಲಿ.

ಆಮೇಲೂ ಬಲ್ಬ್ ತಡಕಾಡಿದರೆ ಚಾನೆಲ್ ನೋಡಬೇಕು. ವೈಫೈ 1ನೇ ಚಾನೆಲ್ ಜಿಗ್‌ಬೀಯ 11ರಿಂದ 14ರ ಮೇಲೆ ಬೀಳುತ್ತದೆ. 6ನೆಯದು 16ರಿಂದ 19ರ ಮೇಲೆ. 11ನೆಯದು 21ರಿಂದ 24ರ ಮೇಲೆ. ಇಲ್ಲಿ ಹೆಚ್ಚಿನವರು ಹಬ್ಬಿನ ಚಾನೆಲ್ ಬದಲಾಯಿಸಿ ಕೈ ಸುಟ್ಟುಕೊಳ್ಳುತ್ತಾರೆ. ಹಾಗೆ ಮಾಡಿದರೆ ಒಂದೆರಡು ಬಲ್ಬು ಹಿಂದೆ ಉಳಿದುಬಿಡುತ್ತವೆ, ಮತ್ತೆ ಏಣಿ. ಅದರ ಬದಲು ವೈಫೈ ಚಾನೆಲ್ ಬದಲಾಯಿಸಿ. ಫೋನು, ಟಿವಿ ತಾವಾಗಿಯೇ ಹಿಂಬಾಲಿಸುತ್ತವೆ. ಹಬ್ ತನ್ನ ಆ್ಯಪ್‌ನಲ್ಲಿ 11ರಿಂದ 15ರೊಳಗಿನ ಸಂಖ್ಯೆ ತೋರಿಸಿದರೆ ವೈಫೈಯನ್ನು 11ಕ್ಕೆ, 20ರ ಮೇಲಿನದು ತೋರಿಸಿದರೆ ವೈಫೈಯನ್ನು 1ಕ್ಕೆ ಹಾಕಿ. ‘ಆಟೋ’ ತೆಗೆದು, ಚಾನೆಲ್ ಅಗಲ (‘ವಿಡ್ತ್’) 20 ಮೆಗಾಹರ್ಟ್ಸ್ ಇಡಿ. ಆಟೋದಲ್ಲಿದ್ದರೆ ರೂಟರ್ ಪ್ರತಿ ಸಲ ಎದ್ದಾಗಲೂ ಬೇರೆ ಚಾನೆಲ್ ಹಿಡಿಯಬಹುದು. ‘ನಿನ್ನೆ ಸರಿಯಿತ್ತು, ಇವತ್ತು ಇಲ್ಲ’ ಅನ್ನುವುದಕ್ಕೆ ಅದೂ ಒಂದು ಕಾರಣ.

ಮಗಳು ಮುಂದಿನ ಸಲ ಬರುವಾಗ ಅಮೆರಿಕದಿಂದ ಸ್ಮಾರ್ಟ್ ಬೀಗ ತರಲಾ ಅಂತ ಕೇಳಿದ್ದಾಳೆ ಅಂದಿರಿ. ಝಡ್-ವೇವ್ (ಜಿಗ್‌ಬೀಯಂಥ ಇನ್ನೊಂದು ರೇಡಿಯೊ) ಬಗೆಯದಾದರೆ ಬೇಡ. ಅಲ್ಲಿಯದು 908 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ, ಭಾರತದ್ದು 865ರಲ್ಲಿ. ಇಲ್ಲಿ ಕೊಂಡ ಹಬ್ಬಿಗೆ ಅದು ಕೇಳಿಸುವುದೇ ಇಲ್ಲ. ಜಿಗ್‌ಬೀ ಆದರೆ ರೇಡಿಯೊ ತೊಂದರೆ ಇಲ್ಲ. ಗೋಡೆಗೆ ಚುಚ್ಚುವ ವಸ್ತುವಾದರೆ ಮಾತ್ರ ಅಲ್ಲಿಯ 120 ವೋಲ್ಟ್, ಇಲ್ಲಿಯ 230 ವೋಲ್ಟ್ ನೆನಪಿರಲಿ.

ಹೊಸ ಹಬ್ ಕೊಳ್ಳುವ ಆಸೆ ಇನ್ನೂ ಇದ್ದರೆ ಒಂದು ಮಾತು. ಕಂಪನಿಯ ಸರ್ವರನ್ನೇ ನಂಬಿದ ಹಬ್, ಸರ್ವರ್ ನಿಂತ ದಿನ ಇಟ್ಟಿಗೆ. ಅಮೆರಿಕದಲ್ಲಿ ರಿವಾಲ್ವ್ ಅನ್ನುವ ಹಬ್ ಇತ್ತು. 2014ರಲ್ಲಿ ಅದನ್ನು ನೆಸ್ಟ್ ಅನ್ನುವ ಕಂಪನಿ ಕೊಂಡಿತು, 2016ರ ಮೇನಲ್ಲಿ ಸರ್ವರ್ ಮುಚ್ಚಿತು. ದುಡ್ಡು ಕೊಟ್ಟವರ ಮನೆಯಲ್ಲಿ ಚೆನ್ನಾಗಿದ್ದ ಹಬ್ ಕೆಲಸ ನಿಲ್ಲಿಸಿತು. ನೆಟ್ ಇಲ್ಲದಿದ್ದರೂ ಮನೆಯೊಳಗೆ ಕೆಲಸ ಮಾಡುವ ಹಬ್ ಒಳ್ಳೆಯದು. ಹೋಮ್ ಅಸಿಸ್ಟೆಂಟ್ ಅನ್ನುವ ಸಾಫ್ಟ್‌ವೇರ್ ಅಂಥದ್ದು, ಉಚಿತ ಕೂಡ. ಆದರೆ ಅದನ್ನು ನೋಡಿಕೊಳ್ಳುವ ಕೈ ಮನೆಯಲ್ಲೇ ಇರಬೇಕು. ಮೆಮೊರಿ ಕಾರ್ಡಿನಲ್ಲಿ ಓಡಿಸಿದರೆ ಕರೆಂಟ್ ತಟ್ಟನೆ ಹೋದಾಗ ಕಾರ್ಡ್ ಕೆಡುವುದೂ ಉಂಟು. ನಿಮ್ಮಿಬ್ಬರಿಗೆ ಅದನ್ನು ಹಾಕಿಸಿ ಅಂತ ನಾನು ಹೇಳುವುದಿಲ್ಲ.

ಈಗ ಮೋಟರ್. ಇದನ್ನು ಇವತ್ತೇ ಮಾಡಿ. ಆ ವೈಫೈ ಪ್ಲಗ್ ತೆಗೆಸಿ. ‘ಆಫ್’ ಅನ್ನುವ ಸುದ್ದಿ ನೆಟ್ ಇಲ್ಲದೆ ಮುಟ್ಟದಿದ್ದರೆ ಮೋಟರ್ ಓಡುತ್ತಲೇ ಇರುತ್ತದೆ. ನಿಮ್ಮ ಟ್ಯಾಂಕ್ ಹರಿದದ್ದು ಹೀಗೇ ಇರಬೇಕು. ಅದಕ್ಕಿಂತ ಕೆಟ್ಟದ್ದು, ಕೆಲವು ಪ್ಲಗ್‌ಗಳು ಕರೆಂಟ್ ಬಂದ ಕೂಡಲೇ ತಾವೇ ಆನ್ ಆಗುತ್ತವೆ. ಮಧ್ಯರಾತ್ರಿ ಖಾಲಿ ಸಂಪಿನಲ್ಲಿ ಮೋಟರ್ ಒಣಗಿ ಓಡಿದರೆ ಸೀಲ್ ಹೋಗುತ್ತದೆ, ಕಾಯಿಲ್ ಸುಡುತ್ತದೆ. 1 ಎಚ್‌ಪಿ ಮೋಟರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಸಣ್ಣ ಪ್ಲಗ್ಗಿನೊಳಗಿನ ರಿಲೇ (ಕರೆಂಟ್ ಹಾಕಿ ತೆಗೆಯುವ ಸ್ವಿಚ್) ಅಂಟಿಕೊಂಡರೆ ಆ್ಯಪ್‌ನಲ್ಲಿ ಎಷ್ಟು ಒತ್ತಿದರೂ ಆಫ್ ಆಗದು. ಮೈಸೂರಿನ ಯಾವ ಮೋಟರ್ ಅಂಗಡಿಯಲ್ಲಾದರೂ ‘ವಾಟರ್ ಲೆವೆಲ್ ಕಂಟ್ರೋಲರ್’ ಕೇಳಿ. ಟ್ಯಾಂಕಿಗೊಂದು, ಸಂಪಿಗೊಂದು ಸೆನ್ಸರ್, ಡ್ರೈ ರನ್ ರಕ್ಷಣೆ ಇರುವಂಥದ್ದು. ಅದಕ್ಕೆ ನೆಟ್ ಬೇಡ, ಹಬ್ ಬೇಡ, ಮಗಳ ಪಾಸ್‌ವರ್ಡ್ ಕೂಡ ಬೇಡ. ಗೀಸರಿಗೂ ಅಂಥ ಪ್ಲಗ್ ಹಾಕಿಸಿದ್ದರೆ ಅದು 16 ಆಂಪಿಯರಿನದೇ ಅಂತ ಖಾತ್ರಿ ಮಾಡಿಕೊಳ್ಳಿ.

ಮೋಟರ್ ಕೆಲಸ ಮುಗಿದ ಮೇಲೆ ಲ್ಯಾನ್ ಕೇಬಲ್ ಹಾಕಿ, ಹಬ್ಬಿನ ಜಾಗ ಬದಲಿಸಿ, ಮೆಟ್ಟಿಲ ಹತ್ತಿರ ಪ್ಲಗ್ ಇಡಿ. ಎಲ್ಲವನ್ನೂ ಒಂದೇ ದಿನ ಮಾಡಬೇಡಿ. ಒಂದೊಂದಕ್ಕೂ ನಾಲ್ಕು ದಿನ ಬಿಟ್ಟು ಕ್ಯಾಲೆಂಡರ್ ನೋಡಿ. ತಿಂಗಳ ಕೊನೆಗೂ ಆ ಚೌಕಗಳಲ್ಲಿ ‘ಆಫ್‌ಲೈನ್’ ಬರೆಯುವ ಹಾಗಾದರೆ, ಆ ಪುಟದ ಫೋಟೋ ತೆಗೆದು ಕಳಿಸಿ.